ಹನ್ನೊಂದು ನೋಟ್‌ಬುಕ್ಕಿನ ನಾಟಕ

ಬೌದ್ಧಿಕ ಆಸ್ತಿ ಎಂಬ ಒಂದು ಆಸ್ತಿ ಈ ದೇಶದಲ್ಲಿದೆ ಎಂದು ನನಗೆ ಗೊತ್ತಾದದ್ದು ಐವತ್ತೆರಡನೆಯ ವಯಸ್ಸಿನಲ್ಲಿ. ಅದುವರೆಗೆ ನಾನು ಕಂಡ ಆಸ್ತಿಗಳಿಗೆಲ್ಲ ಚಕ್ಕುಬಂದಿ ಇರುತ್ತಿತ್ತು. ಪೂರ್ವಕ್ಕೆ ದಾಯಾದಿಯ ಹೊಲ, ಪಶ್ಚಿಮಕ್ಕೆ ಹಳ್ಳ, ಉತ್ತರಕ್ಕೆ ಬಂಡಿದಾರಿ, ದಕ್ಷಿಣಕ್ಕೆ ಮತ್ತೊಬ್ಬ ದಾಯಾದಿ. ತುಮಕೂರಿನ ಕಚೇರಿಯೊಂದರ ಎದುರು, ಹೊಂಗೆ ಮರದ ಬುಡದಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಮೂವತ್ತು ವರ್ಷ ಕ್ರಯಪತ್ರ ಬಡಿದವನು ನಾನು. ಗುಡ್ಡಕ್ಕೆ, ಗುಂಡಿಗೆ, ಬತ್ತಿದ ಬಾವಿಗೆ ಗಡಿ ಹಾಕಿದ್ದೇನೆ. ಮನುಷ್ಯನ ತಲೆಯೊಳಗಿನ ಸರಕಿಗೂ ಗಡಿ ಹಾಕಬಹುದೆಂದು ಯಾರಾದರೂ ಹೇಳಿದ್ದರೆ, ಸದರಿಯವರ ತಲೆ ಸರಿಯಿಲ್ಲವೆಂದು ಅಲ್ಲೇ ಕೂತು ಒಂದು ಅಫಿಡವಿಟ್ ಬಡಿದುಕೊಡುತ್ತಿದ್ದೆ.

ಕಂಪ್ಯೂಟರುಗಳು ಬಂದು ಹೊಂಗೆ ಮರದ ನೆರಳನ್ನು ಬರೀ ನೆರಳಾಗಿ ಉಳಿಸಿದ ಮೇಲೆ, ತುಮಕೂರಿನದೇ ಸದಾಶಿವನಗರದಲ್ಲಿ ಆಫೀಸು ತೆರೆದಿದ್ದ ಒಬ್ಬ ವಕೀಲೆಯ ಬಳಿ ಅಸಿಸ್ಟೆಂಟ್ ಆಗಿ ಸೇರಿದೆ. ಟ್ರೇಡ್‌ಮಾರ್ಕ್, ಕಾಪಿರೈಟ್ ಎಂದು ಬೋರ್ಡು. ಆಫೀಸು ಮೊದಲ ಮಹಡಿಯಲ್ಲಿ. ಕೆಳಗೆ ಹಿಟ್ಟಿನ ಗಿರಣಿ. ಗಿರಣಿ ಓಡುವಾಗ ನಮ್ಮ ಕಾನೂನು ಪುಸ್ತಕಗಳು ಕಪಾಟಿನಲ್ಲಿ ಸಣ್ಣಗೆ ನಡುಗುತ್ತಿದ್ದವು. ಮೇಡಂಗೆ ನನ್ನ ಮಗಳ ವಯಸ್ಸು. ಅವರು ನನ್ನನ್ನು ‘ಅಂಕಲ್’ ಎನ್ನುತ್ತಿದ್ದರು. ಈ ಸಂಬೋಧನೆಯನ್ನು ನಾನು ಗಂಭೀರವಾಗಿ ಸಹಿಸಿಕೊಂಡೆ.

ಬರುವ ಕಕ್ಷಿದಾರರು ಹೆಚ್ಚಾಗಿ ಚಟ್ನಿಪುಡಿಯವರು, ಅಗರಬತ್ತಿಯವರು. ಒಬ್ಬನ ಪ್ಯಾಕೆಟ್ಟಿನ ಮೇಲಿನ ನವಿಲು ಇನ್ನೊಬ್ಬನ ಪ್ಯಾಕೆಟ್ಟಿಗೆ ಹಾರಿದೆ ಎಂಬ ಮಟ್ಟದ ವ್ಯಾಜ್ಯಗಳು. ಎರಡು ನವಿಲುಗಳ ಗರಿ ಎಣಿಸುತ್ತಾ ನಾನು ನೆಮ್ಮದಿಯಾಗಿದ್ದೆ. ಆಗ ಬಂದವರು ನಾಟಕದ ಮೇಷ್ಟ್ರು.

ಗುಬ್ಬಿ ಕಡೆಯ ಹಳ್ಳಿಯವರು. ಎಪ್ಪತ್ತೊಂಬತ್ತು ವರ್ಷ, ಬಿಳಿ ಪಂಚೆ, ಹಾರ್ಮೋನಿಯಂ ಒತ್ತಿ ಒತ್ತಿ ಚಪ್ಪಟೆಯಾದ ಬೆರಳುಗಳು. ಊರೂರು ತಿರುಗಿ, ಹಗಲು ಹೊಲದ ಕೆಲಸ ಮಾಡುವ ಜನಕ್ಕೆ ಸಂಜೆ ನಾಟಕ ಕಲಿಸುವುದು ಅವರ ವೃತ್ತಿ. ಕೈಯಲ್ಲಿ ಒಂದು ಅಚ್ಚಾದ ಪುಸ್ತಕ, ಒಂದು ನೋಟೀಸು. ನೋಟೀಸನ್ನು ಮೇಡಂ ಅವರ ಮೇಜಿನ ಮೇಲೆ, ಸತ್ತ ಇಲಿಯನ್ನು ಬಾಲ ಹಿಡಿದು ಇಡುವ ಹಾಗೆ ಇಟ್ಟರು.

“ಈ ನಾಟ್ಕ ನಾನು ಕಟ್ಟಿದ್ದು ಕಣಮ್ಮ. ಈಗ ಊರಲ್ಲಿ ಪ್ರಾಕ್ಟೀಸು ಶುರು ಮಾಡಿದ್ದೆ. ಈವಯ್ಯ ನೋಟೀಸ್ ಕೊಟ್ಟವ್ನೆ. ನನ್ನ ನಾಟ್ಕ ನಾನು ಕಲಿಸ್ಬೇಕಾದ್ರೆ ಅವನ ಅಪ್ಪಣೆ ಆಗ್ಬೇಕಂತೆ.”

‘ಈವಯ್ಯ’ ಎಂದರೆ ನಗರದ ಒಬ್ಬ ಪ್ರೆಸ್ಸಿನ ಮಾಲೀಕ. ಲಗ್ನಪತ್ರಿಕೆ ಅಚ್ಚು ಹಾಕುತ್ತಿದ್ದವನು ಇದ್ದಕ್ಕಿದ್ದಂತೆ ನಾಟಕಕಾರನಾಗಿ, ಮೇಷ್ಟ್ರ ನಾಟಕವನ್ನು ತನ್ನ ಹೆಸರಿನಲ್ಲಿ ಪ್ರಕಟಿಸಿದ್ದ. ಹುತ್ರಿದುರ್ಗದ ಕೋಟೆಯನ್ನು ಆಳಿದನೆಂದು ಮೇಷ್ಟ್ರು ನಂಬಿದ್ದ ಒಬ್ಬ ಪಾಳೇಗಾರನ ಕಥೆ ಅದು. ಅಂಥ ಪಾಳೇಗಾರ ಇದ್ದನೆಂದು ಇತಿಹಾಸದವರು ಒಪ್ಪಿಲ್ಲ. ಮೇಷ್ಟ್ರೂ ಇತಿಹಾಸದವರನ್ನು ಒಪ್ಪಿಲ್ಲ.

“ಹಸ್ತಪ್ರತಿ ಎಲ್ಲಿದೆ ಮೇಷ್ಟ್ರೇ?” ಮೇಡಂ ಕೇಳಿದರು.

“ಯಾವ ಪ್ರತಿ?”

“ನೀವು ಬರೆದಿದ್ದು. ಪೂರ್ತಿ ನಾಟಕ.”

“ಪೂರ್ತಿ ಯಾರು ಬರೀತಾರಮ್ಮ?” ಮೇಷ್ಟ್ರು ತಲೆಯ ಮೇಲೆ ಬೆರಳಿಟ್ಟರು. “ಪೂರ್ತಿ ಇಲ್ಲೈತೆ. ಬಿಡಿಬಿಡಿಯಾಗಿ ಪಾರ್ಟಿನವ್ರ ಮನೇಲೈತೆ.”

ಮೇಡಂ ನನ್ನ ಮುಖ ನೋಡಿದರು. ಹಳ್ಳಿಯ ನಾಟಕದ ಪದ್ಧತಿ ನನಗೆ ಗೊತ್ತಿದ್ದುದರಿಂದ ವಿವರಿಸಿದೆ. ಮೇಷ್ಟ್ರು ಹೇಳುತ್ತಾ ಹೋಗುತ್ತಾರೆ, ಪ್ರತಿಯೊಬ್ಬನೂ ತನ್ನ ನೋಟ್‌ಬುಕ್ಕಿನಲ್ಲಿ ತನ್ನ ಮಾತನ್ನು ಮಾತ್ರ ಬರೆದುಕೊಳ್ಳುತ್ತಾನೆ. ಅದೇ ಅವನ ಪಾರ್ಟು. ಯಾವಾಗ ಬಾಯಿ ತೆರೆಯಬೇಕೆಂದು ತಿಳಿಯಲು ಹಿಂದಿನವನ ಮಾತಿನ ಕೊನೆಯ ಎರಡು ಪದ ಮೇಲೆ ಗುರುತು ಹಾಕಿಕೊಳ್ಳುತ್ತಾನೆ. ಮಂತ್ರಿಯ ಮನೆಯಲ್ಲಿ ಮಂತ್ರಿಯ ಮಾತು, ಸೇನಾಪತಿಯ ಮನೆಯಲ್ಲಿ ಸೇನಾಪತಿಯ ಮಾತು. ಪೂರ್ತಿ ನಾಟಕ ಕಾಗದದ ಮೇಲೆ ಎಲ್ಲಿಯೂ ಇರುವುದಿಲ್ಲ. ಹನ್ನೊಂದು ಮನೆಗಳಲ್ಲಿ ಹರಡಿಕೊಂಡಿರುತ್ತದೆ.

“ಈಗ ಮೇಷ್ಟ್ರು ಕೂತು ಹೇಳಿ ಬರೆಸಿದರೆ ಆಗಲ್ವಾ?” ಎಂದೆ.

“ಪುಸ್ತಕ ಬಾಯಿಪಾಠ ಮಾಡಿ ಬರೆಸಿದಾರೆ ಅಂತಾನೆ ಅವನು. ನಮಗೆ ಬೇಕಿರೋದು ಪುಸ್ತಕಕ್ಕಿಂತ ಹಳೇ ಕಾಗದ, ಅಂಕಲ್.” ಮೇಡಂ ಪೆನ್ನಿನ ಮುಚ್ಚಳ ಹಾಕಿದರು. “ಹೊರಡಿ.”

ಹೀಗೆ ನವಿಲಿನ ಗರಿ ಎಣಿಸುತ್ತಿದ್ದ ನಾನು ಒಂದು ಸಾಮ್ರಾಜ್ಯವನ್ನು ಒಟ್ಟುಗೂಡಿಸಲು ಗುಬ್ಬಿ ಬಸ್ಸು ಹತ್ತಿದೆ.

ಮಂತ್ರಿಯ ಪಾರ್ಟು ದೇವರ ಗೂಡಿನಲ್ಲಿತ್ತು, ಅರಿಶಿನ ಕುಂಕುಮ ಸಹಿತ. ಮಂತ್ರಿಯ ಹೆಂಡತಿ ಪ್ರತಿ ಶುಕ್ರವಾರ ಅದಕ್ಕೂ ಊದುಬತ್ತಿ ಬೆಳಗುತ್ತಿದ್ದರಂತೆ. ಸೇನಾಪತಿಯ ಪಾರ್ಟಿನ ಖಾಲಿ ಹಾಳೆಗಳಲ್ಲಿ ಅವನ ಮೊಮ್ಮಗಳು ಹದಿನಾರರ ಮಗ್ಗಿ ಬರೆದಿದ್ದಳು, ಎರಡು ಕಡೆ ತಪ್ಪಾಗಿ. ಪಾಳೇಗಾರನ ಪಾರ್ಟಿನವನು ತೀರಿಕೊಂಡಿದ್ದ. ಅವನ ಸೊಸೆ ಟ್ರಂಕಿನ ತಳದಿಂದ ನೋಟ್‌ಬುಕ್ ತೆಗೆದು, ಸೆರಗಿನಲ್ಲಿ ಒರೆಸಿ ಕೊಟ್ಟಳು. “ಮಾವ ಸಾಯೋ ಹಿಂದಿನ್ ದಿನಾನೂ ಯಾರನ್ನೋ ಯುದ್ಧಕ್ಕೆ ಕರೀತಿದ್ರು” ಎಂದಳು. ಒಬ್ಬ ಸೈನಿಕನಿಗೆ ಇಡೀ ನಾಟಕದಲ್ಲಿ ಒಂದೇ ಮಾತು: “ಅಪ್ಪಣೆ, ಪ್ರಭು.” ಅದನ್ನೂ ಅವನು ನೂರು ಪುಟದ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡು, ಬೈಂಡು ಹಾಕಿಸಿ ಇಟ್ಟಿದ್ದ.

“ಇಷ್ಟಕ್ಕೆ ನೋಟ್‌ಬುಕ್ ಬೇಕಿತ್ತೇನಪ್ಪಾ?”

“ನಿಮಗೇನ್ ಗೊತ್ತು ಸಾರ್. ಸ್ಟೇಜ್ ಹತ್ತಿ ಜನ ನೋಡಿದ್ ತಕ್ಷಣ ಅದೂ ಮರ್ತೋಯ್ತದೆ.”

ರಾಣಿ ಮಾತ್ರ ಹಳ್ಳಿಯವಳಲ್ಲ. ಹೆಣ್ಣು ಪಾತ್ರಕ್ಕೆ ಪೇಟೆಯಿಂದ ಕಲಾವಿದೆಯರನ್ನು ಕರೆಸುವುದು ರೂಢಿ. ಆಕೆ ಕ್ಯಾತ್ಸಂದ್ರದಲ್ಲಿದ್ದರು. ಹೋದಾಗ ಜಗಲಿಯ ಮೇಲೆ ಸೊಪ್ಪು ಬಿಡಿಸುತ್ತಿದ್ದರು. ನೋಟ್‌ಬುಕ್ ಇಟ್ಟವರಲ್ಲ, ಎಲ್ಲವೂ ನಾಲಿಗೆಯ ಮೇಲೆ.

“ಹೇಳಿ, ಬರ್ಕೋತೀನಿ.”

“ಸುಮ್ಸುಮ್ನೆ ಎಲ್ಲಿಂದ ಬರುತ್ತೆ? ನೀವು ಮೊದ್ಲು ಸಾಯ್ಬೇಕು.”

“ಏನಂದ್ರಿ?”

“ಪಾಳೇಗಾರ ಸತ್ ಬಿದ್ಮೇಲೇ ನನ್ ಮಾತು. ಬೀಳಿ.”

ಕಕ್ಷಿದಾರರ ಹಿತಕ್ಕಾಗಿ ನಾನು ಆ ಜಗಲಿಯ ಮೇಲೆ ಸತ್ತು ಬಿದ್ದೆ. ಆಕೆ ಕೈಯಲ್ಲಿ ದಂಟಿನ ಸೊಪ್ಪು ಹಿಡಿದೇ ಶುರು ಮಾಡಿದರು. ಒಂದು ಪದ ತಪ್ಪದೆ ಇಡೀ ವಿಲಾಪ ಬಂತು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಹೆಂಗಸರು ನಿಂತು ಕಣ್ಣೊರೆಸಿಕೊಂಡರು. ನಾನು ಸತ್ತ ಸ್ಥಿತಿಯಲ್ಲಿಯೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಅಸಿಸ್ಟೆಂಟ್ ಹುದ್ದೆಯ ಕರ್ತವ್ಯಗಳ ಪಟ್ಟಿಯಲ್ಲಿ ಇದು ಎಲ್ಲಿಯೂ ಬರೆದಿರಲಿಲ್ಲ.

ಹತ್ತು ನೋಟ್‌ಬುಕ್ ತಂದು ಆಫೀಸಿನ ನೆಲದ ಮೇಲೆ ಹರಡಿ, ಒಬ್ಬನ ಕೊನೆಯ ಪದಕ್ಕೆ ಇನ್ನೊಬ್ಬನ ಮೊದಲ ಮಾತು ಹೊಂದಿಸುತ್ತಾ ಕೂತೆ. ನಾಲ್ಕನೆಯ ದಿನ ನಾಟಕ ಎದ್ದು ನಿಂತಿತು. ಅಚ್ಚಾದ ಪುಸ್ತಕದೊಂದಿಗೆ ಸಾಲು ಸಾಲು ಹೋಲಿಸಿದೆ. ಎಲ್ಲ ಅದೇ. ಒಂದು ವಿಷಯ ಬಿಟ್ಟು.

ಪುಸ್ತಕದಲ್ಲಿ ‘ನೀರಿನ ಭಟ’ ಎಂಬ ಪಾತ್ರವೊಂದಿತ್ತು. ಗುಬ್ಬಿಯ ನೋಟ್‌ಬುಕ್ಕುಗಳಲ್ಲಿ ಅವನ ಸುಳಿವಿಲ್ಲ. ಪಾಳೇಗಾರ ಮೂರು ಕಡೆ, ಉದ್ದನೆಯ ಮಾತಿನ ನಟ್ಟನಡುವೆ, “ಯಾರಲ್ಲಿ! ನೀರು!” ಎಂದು ಗುಡುಗುತ್ತಾನೆ. ನೀರಿನ ಭಟ ಚೊಂಬು ಹಿಡಿದು ಬರುತ್ತಾನೆ. ಆಮೇಲೆ ಕಂಸದಲ್ಲಿ ಒಂದು ಸೂಚನೆ, ಮೂರು ಕಡೆಯೂ ಒಂದೇ: ‘ಪರದೆ ಕಡೆ ತಿರುಗಿ, ಎರಡು ಸಲ.’ ಏನನ್ನು ಎರಡು ಸಲ ಎಂದು ಇಲ್ಲ.

ಮೇಷ್ಟ್ರನ್ನು ಕರೆಸಿ ತೋರಿಸಿದೆ. ನಕ್ಕರು. “ಇದು ಕುಣಿಗಲ್ ಪಾಳೇಗಾರನಿಗೆ ಬರ್ಕೊಟ್ಟಿದ್ದು. ಗುಬ್ಬಿ ಆದ್ಮೇಲೆ ಅಲ್ಲೀ ತಂಡಕ್ಕೂ ಇದೇ ನಾಟ್ಕ ಕಲಿಸ್ದೆ. ಅವನದು ಹಾಸಿಗೆ ಅಂಗಡಿ. ಹತ್ತಿ ಧೂಳು ಕುಡಿದೂ ಕುಡಿದೂ ಎದೆ ಕಟ್ಕೊಂಡಿತ್ತು. ಆರು ಸಾಲು ಹೇಳಿದ್ರೆ ಉಸಿರು ಕಟ್ತಿತ್ತು. ಅದಕ್ಕೇ ಮಧ್ಯ ಮಧ್ಯ ನೀರು ಕೇಳ್ಸಿದ್ದು. ಚೊಂಬಿನೊಳಗೆ ಅವನ ಉಸಿರಿನ ಪಂಪು ಇರ್ತಿತ್ತು. ಜನಕ್ಕೆ ಬೆನ್ನು ಹಾಕಿ ಎರಡು ಸಲ ಒತ್ಕೊಳಾನು.”

ನಗು ಅಲ್ಲಿಗೇ ನಿಂತಿತು. ಮೇಷ್ಟ್ರು ಪುಸ್ತಕವನ್ನು ನಿಧಾನವಾಗಿ ಮುಚ್ಚಿದರು.

“ಅಂದ್ರೆ... ಅವನೇ ಕೊಟ್ಟವ್ನೆ.”

ಗಿರಣಿ ನಿಂತಿದ್ದುದರಿಂದ ಆ ಮಾತು ಚೆನ್ನಾಗಿಯೇ ಕೇಳಿಸಿತು. ತನ್ನ ಕೈಯಾರೆ ತಯಾರು ಮಾಡಿದ ಪಾಳೇಗಾರನೇ ಕೋಟೆಯ ಬಾಗಿಲು ತೆಗೆದಿದ್ದ.

ಮರುದಿನವೇ ಕುಣಿಗಲ್ಲಿಗೆ ಹೋದೆ. ಹಾಸಿಗೆ ಅಂಗಡಿ ಸುಲಭವಾಗಿ ಸಿಕ್ಕಿತು. ಕುಣಿಗಲ್ಲಿನ ಪಾಳೇಗಾರ ಎಂದರೆ ಆ ಬೀದಿಯವರಿಗೆಲ್ಲ ಗೊತ್ತು. ಬಿಳಿ ಗಡ್ಡದ ಎತ್ತರದ ಮನುಷ್ಯ, ಮೂಗಿಗೆ ಕರ್ಚೀಫು ಕಟ್ಟಿಕೊಂಡು ಹತ್ತಿ ತುಂಬುತ್ತಿದ್ದರು. ಶುಕ್ರವಾರ ನಮಾಜು, ಶನಿವಾರ ಸಂಜೆ ಪ್ರಾಕ್ಟೀಸು ಎಂದು ಇಪ್ಪತ್ತು ವರ್ಷ ಬಾಳಿದವರು. ನಾನು ಪುಸ್ತಕ ತೆಗೆದು ತೋರಿಸಿದೊಡನೆ ಹತ್ತಿಯ ರಾಶಿಯ ಮೇಲೇ ಕೂತುಬಿಟ್ಟರು.

“ನಾನೇ ಸಾರ್. ನಾನೇ ಕೊಟ್ಟಿದ್ದು. ಆ ಪ್ರೆಸ್ಸಿನವ್ನು ನಾಟ್ಕ ನೋಡಾಕ್ ಬಂದಿದ್ದ. ‘ಮೇಷ್ಟ್ರಿಗೆ ವಯಸ್ಸಾಯ್ತು, ಪುಸ್ತಕ ಮಾಡಿದ್ರೆ ಅವ್ರ ಹೆಸರು ಉಳೀತದೆ’ ಅಂದ. ಅಯ್ಯೋ ಪುಣ್ಯಾತ್ಮ ಅಂತ ನಂದೂ ಕೊಟ್ಟೆ, ಬೇರೆಯವ್ರದ್ದೂ ಇಸ್ಕೊಟ್ಟೆ. ಜೆರಾಕ್ಸ್ ಮಾಡ್ಸಿ ವಾಪಸ್ ಕೊಟ್ಟ. ಪುಸ್ತಕ ಬಂದಾಗ ನೋಡ್ತೀನಿ, ಅವನ ಹೆಸರು.” ಕರ್ಚೀಫು ಬಿಚ್ಚಿ ಮುಖ ಒರೆಸಿಕೊಂಡರು. “ಅವತ್ತಿಂದ ಗುಬ್ಬಿ ಕಡೆ ಕಾಲೇ ಇಟ್ಟಿಲ್ಲ ಸಾರ್. ಮೇಷ್ಟ್ರ ಮುಖ ಹೆಂಗ್ ನೋಡ್ಲಿ?”

“ಮೇಷ್ಟ್ರ ಮುಖ ನೋಡೋದು ಬೇಡ. ಕಂಪ್ಯೂಟರ್ ಮುಖ ನೋಡಿ, ಸಾಕು.”

“ಏನ್ ಮಾಡ್ಬೇಕು?”

“ಇದೇ ಮಾತನ್ನ ದಿಲ್ಲಿ ಕಾಪಿರೈಟ್ ಆಫೀಸಿನವರ ಮುಂದೆ ಹೇಳ್ಬೇಕು.”

ಒಳಗೆ ಹೋಗಿ ನೋಟ್‌ಬುಕ್ ತಂದರು. ಹನ್ನೊಂದನೆಯದು. ಪಾಳೇಗಾರನ ಮಾತು ಅವರ ಅಕ್ಷರದಲ್ಲಿ ನೀಲಿ ಶಾಯಿಯಲ್ಲಿತ್ತು. ‘ಯಾರಲ್ಲಿ! ನೀರು!’ ಮತ್ತು ‘ಪರದೆ ಕಡೆ ತಿರುಗಿ, ಎರಡು ಸಲ’ ಎಂಬುವು ಅಂಚಿನಲ್ಲಿ, ಕೆಂಪು ಶಾಯಿಯಲ್ಲಿ, ಮೇಷ್ಟ್ರ ಅಕ್ಷರದಲ್ಲಿ. ಮೂವತ್ತು ವರ್ಷ ದಸ್ತಾವೇಜು ನೋಡಿದ ನನಗೆ ಅಷ್ಟು ಸುಂದರವಾದ ಅಂಚು ಕಂಡಿರಲಿಲ್ಲ.

ಕಾಪಿರೈಟ್ ನೋಂದಣಿಗೆ ಮೇಷ್ಟ್ರ ಹೆಸರಿನಲ್ಲಿ ಅರ್ಜಿ ಹಾಕಿದೆವು. ಆ ಕೃತಿ ತನ್ನದೆನ್ನುವ ಬೇರೆಯವರಿದ್ದರೆ ಅವರಿಗೂ ತಿಳಿಸಬೇಕೆಂಬುದು ನಿಯಮ. ತಿಳಿಸಿದೆವು. ಪ್ರೆಸ್ಸಿನವನು ತಕ್ಷಣ ತಕರಾರು ಸಲ್ಲಿಸಿದ. ನಾಟಕವನ್ನು ಆದ್ಯಂತ ತಾನೇ ರಚಿಸಿದ್ದು, ಮೇಷ್ಟ್ರು ತನ್ನ ಪುಸ್ತಕವನ್ನು ಕದ್ದು ಕಲಿಸುತ್ತಿದ್ದಾರೆ ಎಂದು. ವಿಚಾರಣೆಗೆ ದಿನ ಗೊತ್ತಾಯಿತು. ಈಗಿನ ಕಾಲದಲ್ಲಿ ವಿಚಾರಣೆ ಎಂದರೆ ದಿಲ್ಲಿಗೆ ಹೋಗುವುದಲ್ಲ. ದಿಲ್ಲಿಯೇ ಕಂಪ್ಯೂಟರಿನ ಪರದೆಗೆ ಬರುತ್ತದೆ.

ಆ ಬೆಳಿಗ್ಗೆ ಗಿರಣಿಯವನನ್ನು ಬೇಡಿಕೊಂಡು ಒಂದು ಗಂಟೆ ಗಿರಣಿ ನಿಲ್ಲಿಸಿದೆವು. ಮೇಷ್ಟ್ರು ಇಸ್ತ್ರಿ ಮಾಡಿದ ಜುಬ್ಬಾ ಹಾಕಿ ಬಂದರು. ಕುಣಿಗಲ್ಲಿನ ಪಾಳೇಗಾರರು ಮೊದಲೇ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ನಡುವೆ ನಾನು ಕುರ್ಚಿ ಹಾಕಿಕೊಂಡೆ.

ದಿಲ್ಲಿಯ ಅಧಿಕಾರಿಗೆ ಕನ್ನಡ ಬಾರದು. ಭಾಷಾಂತರ ನನ್ನ ಪಾಲಿಗೆ ಬಂತು. ನನ್ನ ಇಂಗ್ಲಿಷು ಕ್ರಯಪತ್ರದ ಇಂಗ್ಲಿಷು. “ದಿ ಸೆಡ್ ಪಾಳೇಗಾರ” ಎಂದು ಶುರು ಮಾಡಿದೆ. ಮೇಡಂ ಮೇಜಿನ ಕೆಳಗಿನಿಂದ ನನ್ನ ಕಾಲು ಒತ್ತಿದರು. ಆದರೂ ಸದರಿ ಪಾಳೇಗಾರನನ್ನು ಸದರಿ ಎಂದೇ ಕೊನೆಯವರೆಗೆ ನಡೆಸಿದೆ.

ಪ್ರೆಸ್ಸಿನವನು ಪರದೆಯ ಮೇಲಿನ ತನ್ನ ಕಿಟಕಿಯಲ್ಲಿ ಶಾಲು ಹೊದ್ದು ಕೂತಿದ್ದ. ಮೇಡಂ ಅವನಿಗೊಂದು ಪ್ರಶ್ನೆ ಕೇಳಲು ಅನುಮತಿ ಪಡೆದರು.

“ನಿಮ್ಮ ಪುಸ್ತಕದಲ್ಲಿ ಮೂರು ಕಡೆ ‘ಪರದೆ ಕಡೆ ತಿರುಗಿ, ಎರಡು ಸಲ’ ಅಂತಿದೆ. ಏನು ಎರಡು ಸಲ?”

ಅವನು ಗಂಟಲು ಸರಿಮಾಡಿಕೊಂಡ. “ಎರಡು ಸಲ ನಮಸ್ಕಾರ. ಕುಲದೇವತೆಗೆ. ಪಾಳೇಗಾರ ದೈವಭಕ್ತ.”

“ಪರದೆ ಹಿಂದೆ ಕುಲದೇವತೆ ಇದೆಯಾ?”

“ಅದು ಸಾಂಕೇತಿಕ.”

“ನೀರಿನ ಭಟ ಯಾಕೆ?”

“ನೀರು ಜೀವದ ಸಂಕೇತ. ಕೋಟೆಯ ಜೀವ, ನಾಡಿನ ಜೀವ...” ಅವನು ಹತ್ತು ನಿಮಿಷ ನೀರಿನ ಮೇಲೆ ಮಾತಾಡಿದ. ಚೆನ್ನಾಗಿಯೇ ಮಾತಾಡಿದ, ಸುಳ್ಳು ಹೇಳಬಾರದು. ನಾನು ಭಾಷಾಂತರಿಸುತ್ತಾ ಹೋದಂತೆ ನಾಟಕದ ಬಗ್ಗೆ ನನಗೇ ಗೌರವ ಹೆಚ್ಚಿತು.

ಮೇಡಂ ಹನ್ನೊಂದನೆಯ ನೋಟ್‌ಬುಕ್ಕಿನ ಕೆಂಪು ಶಾಯಿಯ ಪುಟವನ್ನು ಕ್ಯಾಮೆರಾಕ್ಕೆ ಹಿಡಿದರು. ಆಮೇಲೆ ಕುಣಿಗಲ್ಲಿನವರನ್ನು ಕರೆದರು.

ಅವರು ಎದ್ದರು. ತಾನೇ ಪ್ರೆಸ್ಸಿನವನಿಗೆ ನೋಟ್‌ಬುಕ್ ಕೊಟ್ಟೆನೆಂದು ಹೇಳಿದರು. ಎರಡು ಸಲ ಏನೆಂದು ಬಾಯಿಮಾತಿನಲ್ಲಿ ಹೇಳಿದ್ದರೆ ಸಾಕಿತ್ತು. ಆದರೆ ಇಪ್ಪತ್ತು ವರ್ಷ ಪಾಳೇಗಾರನಾಗಿದ್ದ ಮನುಷ್ಯ ಕ್ಯಾಮೆರಾ ಕಂಡು ಬಾಯಿಮಾತಿಗೆ ನಿಲ್ಲುತ್ತಾನೆಯೇ? ಎದೆ ಸೆಟೆಸಿ, ಬಲಗೈ ಎತ್ತಿ, ಯುದ್ಧಕ್ಕೆ ಹೊರಡುವ ಮಾತನ್ನು ಶುರು ಮಾಡಿಯೇಬಿಟ್ಟರು. ಆಫೀಸಿನ ಕಿಟಕಿಯ ಗಾಜು ಅದುರಿತು. ಗಿರಣಿಯ ಮುಂದೆ ಡಬ್ಬ ಇಟ್ಟುಕೊಂಡು ಕಾಯುತ್ತಿದ್ದವರೆಲ್ಲ ಮೆಟ್ಟಿಲು ಹತ್ತಿ ಬಾಗಿಲಲ್ಲಿ ನಿಂತರು. ಒಂದು ಸಾಲು, ಎರಡು, ಮೂರು. ಐದರ ಹೊತ್ತಿಗೆ ಎದೆಯಲ್ಲಿ ಸಿಳ್ಳೆಯಂಥ ಸದ್ದು. ಆರಕ್ಕೆ ನಿಜವಾಗಿಯೂ ಉಸಿರು ಕಟ್ಟಿತು.

“ಯಾರಲ್ಲಿ! ನೀರು!”

ನಾನು ಗಾಬರಿಯಾಗಿ ಕೂತಲ್ಲೇ ಕೂತೆ. ಎದ್ದವರು ಮೇಷ್ಟ್ರು. ಮೇಜಿನ ಮೇಲಿದ್ದ ಸ್ಟೀಲ್ ಲೋಟ ಎತ್ತಿಕೊಂಡು, ಬೆನ್ನು ಬಗ್ಗಿಸಿ, ಭಟ ಬರುವ ಹಾಗೆಯೇ ಬಂದು ಮುಂದೆ ಹಿಡಿದರು. ಪಾಳೇಗಾರರು ಅವರ ಮುಖ ನೋಡಿದರು. ಲೋಟ ತೆಗೆದುಕೊಂಡರು. ಗೋಡೆಯ ಕಡೆ ತಿರುಗಿ, ಜೇಬಿನಿಂದ ಪಂಪು ತೆಗೆದು ಒತ್ತಿದರು. ಒಂದು ಸಲ. ಇನ್ನೊಂದು ಸಲ. ತಿರುಗಿ ಉಳಿದ ಮಾತನ್ನು ಒಂದೇ ಉಸಿರಿಗೆ ಮುಗಿಸಿದರು. ಮೆಟ್ಟಿಲಿನವರು ಚಪ್ಪಾಳೆ ಹೊಡೆದರು.

ಭಾಷಾಂತರಿಸಲು ನಾನು ಬಾಯಿ ತೆರೆದೆ. ದಿಲ್ಲಿಯ ಅಧಿಕಾರಿ ಬೇಡವೆಂದು ಕೈ ಆಡಿಸಿದರು. ತಮ್ಮ ಮೇಜಿನ ಡ್ರಾಯರ್ ಎಳೆದು, ಅಂಥದೇ ಒಂದು ಪಂಪು ತೆಗೆದು ಕ್ಯಾಮೆರಾಕ್ಕೆ ತೋರಿಸಿದರು. ದಿಲ್ಲಿಯ ಗಾಳಿಯೂ ಕುಣಿಗಲ್ಲಿನ ಹತ್ತಿಗಿಂತ ಕಡಿಮೆಯದಲ್ಲವಂತೆ. ಆಮೇಲೆ ಪ್ರೆಸ್ಸಿನವನ ಕಿಟಕಿಯ ಕಡೆ ನೋಡಿ, ಸಾಂಕೇತಿಕತೆಯ ವಿಷಯದಲ್ಲಿ ಇನ್ನೇನಾದರೂ ಹೇಳುವುದಿದೆಯೇ ಎಂದು ಬಹಳ ವಿನಯದಿಂದ ಕೇಳಿದರು. ಆ ಕಿಟಕಿಯಲ್ಲಿ ಶಾಲು ಮಾತ್ರ ಅಲುಗಾಡಿತು.

ಪರದೆ ಆರಿತು.

“ಮೇಷ್ಟ್ರೇ, ತಪ್ಪಾಯ್ತು” ಎಂದರು ಪಾಳೇಗಾರರು.

“ನಾಲ್ಕನೇ ಸಾಲಲ್ಲಿ ಒಂದು ಪದ ನುಂಗಿದೆ ಕಣ್ಲಾ” ಎಂದರು ಮೇಷ್ಟ್ರು. “ಅದಕ್ಕೇನ್ ಹೇಳ್ತೀಯಾ ಹೇಳು.”

ಆದೇಶ ಬಂದಾಗ ಮೇಡಂ ಅದನ್ನು ಎರಡು ಸಾರಿ ಓದಿ, ನನ್ನ ಕೈಗೆ ಕೊಟ್ಟು, “ಅಂಕಲ್, ಇದನ್ನ ಮೇಲ್ ಮಾಡ್ಬೇಡಿ, ನೀವೇ ತಗೊಂಡ್ ಹೋಗಿ” ಎಂದರು. ತಕರಾರು ವಜಾ. ಕೃತಿಯ ಕರ್ತೃ ಎಂಬ ಕಡೆ ಮೇಷ್ಟ್ರ ಹೆಸರು, ತಂದೆಯ ಹೆಸರು ಸಮೇತ. ಪ್ರೆಸ್ಸಿನವನು ನೋಟೀಸು ವಾಪಸು ತೆಗೆದುಕೊಂಡು, ಉಳಿದ ಪುಸ್ತಕಗಳನ್ನು ಅಂಗಡಿಗಳಿಂದ ತಾನೇ ಹೊತ್ತುಕೊಂಡು ಹೋದ. ನಾನು ಬದುಕಿನಲ್ಲಿ ಎಷ್ಟೋ ಪತ್ರ ನೋಂದಾಯಿಸಿದ್ದೇನೆ. ಯಾವುದನ್ನೂ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು, ಕಿಟಕಿ ಮುಚ್ಚಿ, ಗಾಳಿ ತಾಗದಂತೆ ಒಯ್ದಿರಲಿಲ್ಲ. ಪಕ್ಕದವರು ಜಾತಕವೇ ಎಂದು ಕೇಳಿದರು. ಹೆಚ್ಚು ಕಡಿಮೆ ಹೌದೆಂದೆ.

ಊರಿನ ಶಾಲೆಯ ಜಗಲಿಯ ಮೇಲೆ ಸಂಜೆ ಎಲ್ಲರೂ ಸೇರಿದ್ದರು. ತೀರಿಹೋದ ಪಾಳೇಗಾರನ ಜಾಗಕ್ಕೆ ಕುಣಿಗಲ್ಲಿನವರನ್ನೇ ಕರೆಸಿಕೊಂಡು, ಅವರಿಗೆಂದು ಒಬ್ಬ ನೀರಿನ ಭಟನನ್ನೂ ಹೊಸದಾಗಿ ಸೇರಿಸಿಕೊಂಡಿದ್ದರು. ಪತ್ರವನ್ನು ನಾನು ಗಟ್ಟಿಯಾಗಿ, ಕ್ರಯಪತ್ರ ಓದುವ ರಾಗದಲ್ಲಿಯೇ ಓದಿದೆ. ಹೆಸರು ಬಂದಾಗ ಮೇಷ್ಟ್ರು ಇನ್ನೊಮ್ಮೆ ಓದಿಸಿದರು. ಆಮೇಲೆ ಕನ್ನಡಕ ಒರೆಸಿಕೊಂಡು ಹಾರ್ಮೋನಿಯಂ ಮುಂದೆ ಕೂತರು.

“ಗುಮಾಸ್ತ್ರೇ, ಈಗ ನಾನು ಶುರು ಮಾಡಬೌದಾ? ಯಾರ ಅಪ್ಪಣೆನೂ ಬೇಡ್ವಾ?”

“ಯಾರದ್ದೂ ಬೇಡ ಮೇಷ್ಟ್ರೇ.”

ಮೊದಲ ದೃಶ್ಯ ಶುರುವಾಯಿತು. ಮಂತ್ರಿ ಮೂರನೆಯ ಮಾತು ಹೇಳಿದ. ಮೇಷ್ಟ್ರು ತಟ್ಟನೆ ಕೈ ಎತ್ತಿ ಎಲ್ಲರನ್ನೂ ನಿಲ್ಲಿಸಿದರು.

“ಈ ಮಾತು ಚೆನ್ನಾಗಿಲ್ಲ. ಬದಲಾಯಿಸ್ತೀನಿ. ಬರ್ಕೊಳ್ರೋ.”

ನಾನು ಪತ್ರವನ್ನು ಎತ್ತಿ ಹಿಡಿದೆ. “ಮೇಷ್ಟ್ರೇ, ರಿಜಿಸ್ಟರ್ ಆಗೋಗಿದೆ! ದಿಲ್ಲಿಯಲ್ಲಿ ಇರೋದು ಆ ಮಾತೇ!”

“ಇರ್ಲಿ ಬುಡಪ್ಪ,” ಎಂದರು ಮೇಷ್ಟ್ರು, ಹಾರ್ಮೋನಿಯಂ ಮೇಲೆ ಬೆರಳಿಡುತ್ತಾ. “ಬರ್ದೋನು ನಾನೇ ಅಲ್ವೇ?”

ಹನ್ನೊಂದು ಜನ ನೋಟ್‌ಬುಕ್ ತೆರೆದು ಪೆನ್ನು ಹುಡುಕಿಕೊಂಡರು.